ನೀಲಿ ಪಟ್ಟೆಯ ತಕರಾರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆಂದಲ್ಲ, ಬರೆದರೆ ಅವರ ಸಿದ್ಧಾಂತವೊಂದಕ್ಕೆ ಭಂಗ ಬರುತ್ತದೆ. ಹೊಟ್ಟೆ ಕೊಯ್ದವನ ಹೆಸರನ್ನು ರೋಗಿ ಮೊಮ್ಮಕ್ಕಳಿಗೂ ಹೇಳುತ್ತಾನೆ, ಮಲಗಿಸಿದವನ ಹೆಸರನ್ನು ಏಳುವಷ್ಟರಲ್ಲೇ ಮರೆತಿರುತ್ತಾನೆ, ಹಾಗೆ ಮರೆತರೆ ಮಾತ್ರ ಕೆಲಸ ಕ್ರಮವಾಗಿ ನಡೆದಿದೆ ಎಂದರ್ಥ. ಇದು ಆ ಸಿದ್ಧಾಂತ. ನೈರೋಬಿಯ ಅಪ್ಪರ್ ಹಿಲ್‌ನ ಆಸ್ಪತ್ರೆಯೊಂದರಲ್ಲಿ ಅರ್ಧ ಆಯುಷ್ಯ ಜನರನ್ನು ಮಲಗಿಸಿ ಎಬ್ಬಿಸಿದ ಅರಿವಳಿಕೆ ವೈದ್ಯರು ಅವರು. ನಮ್ಮ ಕನ್ನಡ ಬಳಗದಲ್ಲಿ ನಿದ್ದೆ ಡಾಕ್ಟರು ಎಂದೇ ಪ್ರಸಿದ್ಧರು. ರಾಜ್ಯೋತ್ಸವದ ಭಾಷಣಗಳ ಹೊತ್ತಿನಲ್ಲಿ ಮೊದಲ ಸಾಲಿನಲ್ಲೇ ಕುಳಿತು ಕಣ್ಣು ಮುಚ್ಚುತ್ತಿದ್ದುದರಿಂದ ಆ ಬಿರುದು ಅವರಿಗೆ ಎರಡು ಕಡೆಯಿಂದಲೂ ಸಲ್ಲುತ್ತಿತ್ತು.

ನನಗೂ ಅವರಿಗೂ ಪರಿಚಯವಾದದ್ದು ನಾನು ಅಂಗಾತ ಮಲಗಿದ್ದಾಗ. ಹರ್ನಿಯಾ ಎಂಬ ಅಷ್ಟೇನೂ ಗೌರವಾನ್ವಿತವಲ್ಲದ ಕಾಯಿಲೆಗೆ ನನ್ನನ್ನು ಮೇಜಿನ ಮೇಲೆ ಮಲಗಿಸಿದ್ದರು. ಬೇರೆ ಕಡೆ ಇಂಥ ಹೊತ್ತಿನಲ್ಲಿ ನೂರರಿಂದ ಹಿಂದಕ್ಕೆ ಎಣಿಸಿ ಅನ್ನುತ್ತಾರಂತೆ. ಇವರು ಮುಖವಾಡದ ಮೇಲಿಂದ ಎರಡು ಕಣ್ಣು ಮಾತ್ರ ತೋರಿಸುತ್ತ, ನಿಮ್ಮ ಮನೇಲಿ ಕೋಸಂಬರಿ ಹೇಗೆ ಮಾಡ್ತಾರೆ ಎಂದು ಅಚ್ಚ ಮೈಸೂರು ಕನ್ನಡದಲ್ಲಿ ಕೇಳಿದರು. ಸಾಯುವ ಭಯದಲ್ಲಿದ್ದವನಿಗೆ ಇದು ಅವಮಾನದ ಪ್ರಶ್ನೆ ಅನ್ನಿಸಿತು. ಆದರೂ ಹೆಸರುಬೇಳೆ ನೆನೆಹಾಕಿದೆ, ನೀರು ಬಸಿದೆ, ಸೌತೇಕಾಯಿ ಹೆಚ್ಚಿದೆ. ಅಲ್ಲಿಗೆ ಲೋಕ ಮುಗಿಯಿತು.

ಮತ್ತೆ ಲೋಕ ಶುರುವಾದದ್ದು ಅದೇ ದನಿಯಿಂದ. "ಸೌತೇಕಾಯಿ ಹೆಚ್ಚಿದ್ದಾಯ್ತು ಸ್ವಾಮಿ. ಆಮೇಲೆ?"

ನಾಲಿಗೆ ಹಲಗೆಯಾಗಿತ್ತು. ಆದರೂ ತೆಂಗಿನಕಾಯಿ, ಒಗ್ಗರಣೆ, ಉಪ್ಪು ಮಾತ್ರ ಬಡಿಸೋ ಮುಂಚೆ ಎಂದು ಮುಗಿಸಿದೆನಂತೆ. ಉಪ್ಪು ಬಡಿಸುವ ಮುಂಚೆ ಎಂಬುದು ನೆನಪಿರುವವನ ಮಿದುಳಿಗೆ ಏನೂ ಆಗಿಲ್ಲವೆಂದು ಅವರು ನರ್ಸಿಗೆ ಅಪ್ಪಣೆ ಕೊಡಿಸಿ ಹೊರಟುಹೋದರು.

ಇದು ನನಗೊಬ್ಬನಿಗೆ ಮಾಡಿದ ವಿಶೇಷ ಉಪಚಾರ ಎಂದುಕೊಂಡಿದ್ದೆ. ಆಮೇಲೆ ವಿಚಾರಿಸಿದರೆ ನೈರೋಬಿಯ ಅರ್ಧ ಕನ್ನಡಿಗರು ಅವರ ಮುಂದೆ ಯಾವುದೋ ಅಡುಗೆಯ ನಡುವೆ ಪ್ರಜ್ಞೆ ತಪ್ಪಿದವರೇ. ಒಬ್ಬರು ಬಿಸಿಬೇಳೆಭಾತಿನ ಪುಡಿ ಹುರಿಯುವಾಗ, ಇನ್ನೊಬ್ಬರು ಕೋರಿರೊಟ್ಟಿಗೆ ಮಸಾಲೆ ಅರೆಯುವಾಗ. ಸ್ವಾಹಿಲಿಯವರಿಗೆ ಉಗಾಲಿ ಮುದ್ದೆ ಕೂಡಿಸಲು ಹೇಳಿ, ಎದ್ದಾಗ "ಹಲಾಫು?" ಎನ್ನುತ್ತಿದ್ದರು. ಗುಜರಾತಿಗಳಿಗೆ "ಪಛೀ?" ಮೂರು ಭಾಷೆಯಲ್ಲೂ ಆಮೇಲೆ ಎಂಬ ಅದೇ ಒಂದು ಪದ. ಯಾರು ಎಲ್ಲಿ ನಿಲ್ಲಿಸಿದ್ದರು ಎಂಬುದನ್ನು ಬರೆದಿಟ್ಟುಕೊಂಡವರಲ್ಲ, ತಲೆಯಲ್ಲೇ ಇರುತ್ತಿತ್ತು. ಅದೇಕೆ ಅಡುಗೆಯೇ ಆಗಬೇಕು ಎಂದು ಒಮ್ಮೆ ಕೇಳಿದೆ. ಎಣಿಸುವವನು ಮುಗಿಯುವುದನ್ನೇ ಕಾಯುತ್ತಾನೆ, ಅಡುಗೆ ಮಾಡುವವನು ಊಟ ಮಾಡುತ್ತೇನೆ ಎಂದುಕೊಂಡೇ ಮಲಗುತ್ತಾನೆ ಎಂದರು. ಇಂಥ ಗಂಭೀರ ಮಾತನ್ನು ಹೇಳಿದ ಮೇಲೆ ತಮಗೇ ಮುಜುಗರವಾಗಿ, ಬಳಗದ ಪುಳಿಯೋಗರೆಗೆ ಉಪ್ಪು ಹೆಚ್ಚಾಗಿದೆ ಎಂದು ವಿಷಯ ಬದಲಿಸಿದರು.

ಎಣಿಸಲು ಹೇಳದಿದ್ದರೂ ನೋಡುವುದನ್ನು ಬಿಡುತ್ತಿರಲಿಲ್ಲ. ಯಾರ ಕೈ ಕುಲುಕಿದರೂ ಉಗುರಿನ ಬಣ್ಣವನ್ನು ಕಳ್ಳನೋಟದಲ್ಲಿ ಪರೀಕ್ಷಿಸುವರು. ಮದುವೆಮನೆಯ ಸಾಲಿನಲ್ಲಿ ನಿಂತ ವಧುವಿನ ತುಟಿ ನೋಡಿ, ಗುಲಾಬಿ ಇದೆ, ಪರವಾಗಿಲ್ಲ ಎಂದು ಹರಸಿದ್ದನ್ನು ಕೇಳಿದವನು ನಾನು. ಅವರ ಬೀರುವಿನಲ್ಲಿ ನೀಲಿ ಅಂಗಿ ಒಂದೂ ಇರಲಿಲ್ಲ. ಉಗುರಲ್ಲಿ ನೀಲಿ, ತುಟಿಯಲ್ಲಿ ನೀಲಿ, ಅದು ಕಂಡಿತೆಂದರೆ ಮೇಜಿನ ಮೇಲಿರುವ ಜೀವ ಜಾರುತ್ತಿದೆಯೆಂದು ಲೆಕ್ಕ. ಜೀವಮಾನವಿಡೀ ಒಂದೇ ಬಣ್ಣಕ್ಕೆ ಹೆದರಿ ಬದುಕಿದ ಮನುಷ್ಯ.

ಆ ಬಣ್ಣ ಅವರ ಊಟದ ಮನೆಯ ಗೋಡೆಯ ಮೇಲೇ ತೂಗುತ್ತಿತ್ತು.

ಅವರ ಹೆಂಡತಿ ಶಾಲೆಯೊಂದರಲ್ಲಿ ಚಿತ್ರಕಲೆಯ ಟೀಚರು. ಮಕ್ಕಳನ್ನು ಕರೆದುಕೊಂಡು ಒಮ್ಮೆ ಅಬರ್ಡೇರ್ ಬೆಟ್ಟಸಾಲಿನ ಮೇಲುಭಾಗಕ್ಕೆ ಹೋಗಿದ್ದರು. ಬೆಳಗ್ಗೆ ಹೊರಟು ಸಂಜೆಗೆ ಮರಳುವ ನಡಿಗೆ. ಆದರೆ ಗಾಳಿ ತೆಳುವಾಗುವಷ್ಟು ಎತ್ತರ. ಅಲ್ಲಿ ಬೆಟ್ಟದ ಏಣೊಂದು ಕುಸಿದು, ಒಳಗಿನ ಹಳೆಯ ಜ್ವಾಲಾಮುಖಿಯ ಮಣ್ಣು ಪಟ್ಟೆಪಟ್ಟೆಯಾಗಿ ತೆರೆದುಕೊಂಡಿದೆ. ನಮ್ಮವರು ಅದನ್ನು ಬಣ್ಣದ ಬೆಟ್ಟ ಅನ್ನುತ್ತಿದ್ದರು. ಆಕೆ ಅದನ್ನು ನೋಡಿ ಬಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಹಾಕಿದರು. ಕೆಳಗೆ ಕೆಂಪು, ಅದರ ಮೇಲೆ ಹಳದಿ, ಅದರ ಮೇಲೆ ಬಿಳಿ, ಎಲ್ಲಕ್ಕೂ ಮೇಲೆ ಧಾರಾಳವಾಗಿ ಬಳಿದ ನೀಲಿ.

ತಕರಾರು ಅಲ್ಲಿಂದ ಹುಟ್ಟಿತು. ಮಣ್ಣು ನೀಲಿ ಇರುವುದಿಲ್ಲ ಎಂದು ಡಾಕ್ಟರು. ನಾನು ಕಣ್ಣಾರೆ ನೋಡಿದೆ ಎಂದು ಆಕೆ. ಎತ್ತರಕ್ಕೆ ಹೋದರೆ ಆಮ್ಲಜನಕ ಸಾಲದೆ ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ಡಾಕ್ಟರು. ಹಾಗಾದರೆ ಶಾಲೆಯ ಇಡೀ ತರಗತಿಗೂ ಆಮ್ಲಜನಕ ಸಾಲದೆ ಹೋಯಿತೇ ಎಂದು ಆಕೆ. ತೆಗೆದ ಫೋಟೋಗಳನ್ನು ಆಕೆ ಸಾಕ್ಷಿಗೆ ತಂದರೆ, ದೂರದ್ದೆಲ್ಲ ಫೋಟೋದಲ್ಲಿ ನೀಲಿಯಾಗಿಯೇ ಬರುತ್ತದೆ ಎಂದು ತಿರಸ್ಕರಿಸಿದರು. ಲಂಗಾಟಾದ ಅವರ ಮನೆಗೆ ಊಟಕ್ಕೆ ಹೋದ ಪ್ರತಿ ಅತಿಥಿಯೂ ಈ ಮೊಕದ್ದಮೆಯ ವಿಚಾರಣೆಗೆ ಕುಳಿತೇ ಏಳಬೇಕಿತ್ತು. ಸಾರು ಬಡಿಸುತ್ತ ಆಕೆ ಕೊನೆಗೆ ಹೇಳುತ್ತಿದ್ದ ಮಾತು ಒಂದೇ: "ಮಾತಾಡ್ಬೇಡಿ. ಒಂದ್ಸಲ ಹೋಗಿ ನೋಡ್ಬನ್ನಿ." ಡಾಕ್ಟರ ಉತ್ತರವೂ ಒಂದೇ. ಮುಂದಿನ ಆಗಸ್ಟಿನಲ್ಲಿ ರಜೆ ಸಿಗುತ್ತೆ, ಹೋಗೋಣ.

ಆಗಸ್ಟುಗಳು ಬಂದವು. ಪ್ರತಿ ಆಗಸ್ಟಿನಲ್ಲೂ ಯಾರಿಗೋ ಹೊಟ್ಟೆನೋವು ಬಂದು ಯಾರನ್ನೋ ಮಲಗಿಸಬೇಕಾಗುತ್ತಿತ್ತು. ಕೊನೆಗೊಂದು ವರ್ಷ ಆಕೆಗೇ ಕಾಯಿಲೆ ಬಂತು, ಮಳೆಗಾಲ ಮುಗಿಯುವಷ್ಟರಲ್ಲಿ ಹೋಗಿಬಿಟ್ಟರು. ಆಮೇಲೂ ಆ ಚಿತ್ರ ಅಲ್ಲೇ ಇತ್ತು. ಒಂದು ಸಂಜೆ ನಾನು ಹೇಳದೆ ಕೇಳದೆ ಹೋದಾಗ ಡಾಕ್ಟರು ಒಬ್ಬರೇ ಊಟಕ್ಕೆ ಕುಳಿತಿದ್ದರು. ಬಾಗಿಲಲ್ಲಿ ನಿಂತ ನನಗೆ ಕೇಳಿಸಿತು: ಮಣ್ಣಿನಲ್ಲಿ ತಾಮ್ರ ಇದ್ದರೆ ಹಸಿರಾಗಬಹುದು, ನೀಲಿ ಹೇಗಾಗುತ್ತೆ ಹೇಳು ನೋಡೋಣ ಎಂದು ಗೋಡೆಯ ಹತ್ತಿರ ವಾದಿಸುತ್ತಿದ್ದರು. ನನ್ನನ್ನು ಕಂಡು ಏನೂ ಆಗದವರಂತೆ, ಬನ್ನಿ, ಅನ್ನ ಇದೆ ಎಂದರು.

ಅವರು ನಿವೃತ್ತರಾದ ಮೇಲೆ, ರಾಷ್ಟ್ರೀಯ ಉದ್ಯಾನದ ನಡುವೆ ಹೊಸ ರೈಲಿಗೆ ಕಾಂಕ್ರೀಟಿನ ಕಂಬಗಳು ಏಳತೊಡಗಿದ್ದ ವರ್ಷ, ಒಂದು ಭಾನುವಾರ ನನ್ನನ್ನು ಕರೆಸಿದರು. ಬೇಲಿಯಾಚೆ ಕಾಡುಹಂದಿಗಳು ಮೊಣಕಾಲೂರಿ ಹುಲ್ಲು ಮೇಯುತ್ತಿದ್ದವು. ಕಾಫಿ ಕೊಟ್ಟು ಬಹಳ ಸಲೀಸಾಗಿ ಹೇಳಿದರು: "ನನ್ನ ಶ್ವಾಸಕೋಶ ಬಿಸಿಲಿಗೆ ಹಾಕಿದ ಸಂಡಿಗೆ ಥರ ಆಗ್ತಾ ಇದೆ ಸ್ವಾಮಿ. ಒಣಗ್ತಾ ಇದೆ. ಔಷಧಿ ಅಂತ ಏನೂ ಇಲ್ಲ. ಈ ಜನವರಿ ಬಿಟ್ರೆ ಬೆಟ್ಟ ಹತ್ತೋಕಾಗಲ್ಲ."

ನಾನು ಕಾಫಿ ಲೋಟ ಕೆಳಗಿಟ್ಟೆ. ಅವರು ಮುಂದುವರಿಸಿದರು. ಮಗಳಿಗೆ ಹೇಳಿಯಾಗಿದೆ. ಆಕೆ ಗಿಗಿರಿಯಲ್ಲಿ ವಕೀಲೆ. ಜಗಳವಾಡಿ, ಅತ್ತು, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ್ದಾಳೆ. ಉಸಿರು ಸಾಲದಾದ ಕ್ಷಣ ತಿರುಗಿ ಇಳಿಯಬೇಕು. ತಿರುಗಿಸುವುದಕ್ಕೆ ಒಬ್ಬರು ಬೇಕು.

ನಾನೇ ಏಕೆ ಎಂದೆ. ನನಗೆ ವೈದ್ಯವಿಜ್ಞಾನ ಗೊತ್ತಿಲ್ಲ, ಬೆಟ್ಟವೂ ಗೊತ್ತಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಬೇರೆಯವರು ಬರೆದ ವರದಿಗಳನ್ನು ತಿದ್ದಿ ಹೊಟ್ಟೆ ಹೊರೆದವನು ನಾನು.

"ಅದಕ್ಕೇ," ಎಂದರು. "ಹತ್ತುವಾಗ ನಾನು ಮಾತಾಡ್ತಾ ಇರ್ತೀನಿ. ಒಂದು ವಾಕ್ಯ ಒಂದೇ ಉಸಿರಲ್ಲಿ ಪೂರ್ತಿ ಆಗ್ಲಿಲ್ಲ ಅಂದ್ರೆ ವಾಪಸ್ಸು. ವಾಕ್ಯ ಪೂರ್ತಿ ಆಗಿದ್ಯೋ ಇಲ್ವೋ ಅಂತ ನೋಡೋದು ಬಿಟ್ಟು ನೀವು ಜೀವನದಲ್ಲಿ ಬೇರೇನು ಮಾಡಿದೀರಿ?"

ಈ ನೇಮಕಾತಿಯನ್ನು ನಾನು ಸ್ವೀಕರಿಸಿದೆ. ಬಳಗದ ವಿಹಾರ ಉಪಸಮಿತಿಗೆ ನಾನು ಅಧ್ಯಕ್ಷನಾಗಿದ್ದು, ಏಕೈಕ ಸದಸ್ಯರು ಸದಾ ಮೊಂಬಾಸಾದಲ್ಲಿ ಇರುತ್ತಿದ್ದುದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಮಾರ್ಗದರ್ಶಕಿಯ ಹೆಸರು ವಂಜಿರು. ಕಿನಂಗೋಪಿನ ಆಲೂಗಡ್ಡೆ ಹೊಲಗಳ ನಡುವೆ ಬೆಳೆದವಳು, ಮೂವತ್ತರ ಆಸುಪಾಸು, ನಗುವುದರಲ್ಲಿ ಮಿತವ್ಯಯಿ. ಅವಳ ಜೊತೆ ಕಾಡೆಮ್ಮೆಗಳಿಗಾಗಿ ಬಂದೂಕು ಹಿಡಿದ ಅರಣ್ಯ ಕಾವಲುಗಾರನೊಬ್ಬ. ನಸುಕಿನಲ್ಲಿ ಲಂಗಾಟಾದಿಂದ ಹೊರಟಾಗ ಮಗಳು ಗೇಟಿನ ಹತ್ತಿರ ಶಾಲು ಹೊದ್ದು ನಿಂತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಕನ್ನಡದಲ್ಲಿ ಕೇಳುವುದು, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವುದು ಆ ಮನೆಯ ಸಂವಿಧಾನ.

"ಅಪ್ಪ, ಯೂ ವಿಲ್ ಟರ್ನ್ ಬ್ಯಾಕ್. ಪ್ರಾಮಿಸ್."

"ಆಯ್ತು ಪುಟ್ಟಿ. ನಿಮ್ಮಂಕಲ್ ಇದಾರಲ್ಲ, ಪೂರ್ಣವಿರಾಮ ಹಾಕೋರು."

ಅವಳು ನನ್ನನ್ನು ಒಂದು ಸಲ ನೋಡಿದಳು. ವಕೀಲರ ನೋಟ. ಅದನ್ನು ನಾನು ದಾರಿಯುದ್ದಕ್ಕೂ ಬೆನ್ನ ಮೇಲೆ ಹೊತ್ತಿದ್ದೆ.

ಮೊದಲು ಬಿದಿರು. ಇಕ್ಕಟ್ಟಾದ, ತಣ್ಣಗಿನ, ಮೇಲಿನಿಂದ ಹನಿ ತೊಟ್ಟಿಕ್ಕುವ ಬಿದಿರ ಸುರಂಗ. ಡಾಕ್ಟರು ಅಲ್ಲಿಂದಲೇ ಶುರು ಮಾಡಿದರು. ಆರಿಸಿಕೊಂಡದ್ದು ಹೆಂಡತಿಯ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ನುಣ್ಣಗೆ ಪುಡಿ ಮಾಡಿದರೆ ಹಿಟ್ಟಾಗುತ್ತದೆ, ತರಿತರಿಯಾಗಿ ಇರಬೇಕು, ಮಿಕ್ಸಿಯನ್ನು ತಿರುಗಿಸಿ ತಿರುಗಿಸಿ ನಿಲ್ಲಿಸಬೇಕು, ನಿಲ್ಲಿಸುವುದು ಗೊತ್ತಿಲ್ಲದವರು ಗೊಜ್ಜವಲಕ್ಕಿಯ ತಂಟೆಗೆ ಹೋಗಬಾರದು. ಉದ್ದುದ್ದ ವಾಕ್ಯಗಳು, ಉಪವಾಕ್ಯಗಳ ಸಮೇತ. ತಿದ್ದುವುದಕ್ಕೆ ಏನೂ ಇರಲಿಲ್ಲ. ನಾನು ಹಿಂದಿನಿಂದ ಆಗಾಗ ಆಮೇಲೆ ಆಮೇಲೆ ಎನ್ನುತ್ತ ನಡೆದೆ. ಇಷ್ಟು ವರ್ಷ ಅವರ ಬಾಯಲ್ಲಿ ಕೇಳಿದ ಪದ ನನ್ನ ಬಾಯಿಗೆ ಬಂದಿತ್ತು, ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ.

ವಂಜಿರು ಸ್ವಲ್ಪ ಹೊತ್ತು ಕೇಳಿಸಿಕೊಂಡು, ನಿಮ್ಮ ಧರ್ಮದಲ್ಲಿ ಬೆಟ್ಟ ಹತ್ತುವಾಗ ಪ್ರಾರ್ಥನೆ ಮಾಡುತ್ತೀರಾ ಎಂದು ಕೇಳಿದಳು. ಹೆಚ್ಚುಕಡಿಮೆ ಹಾಗೆಯೇ ಎಂದೆ. ಅವಳು ಗೌರವದಿಂದ ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಂಡಳು.

ಬಿದಿರು ಮುಗಿದ ಮೇಲೆ ಮರಗಳು ಗಿಡ್ಡವಾದವು, ಕೊಂಬೆಗಳಿಂದ ಬೂದುಬಣ್ಣದ ಗಡ್ಡ ಇಳಿಬಿಟ್ಟುಕೊಂಡು ನಿವೃತ್ತ ನ್ಯಾಯಾಧೀಶರ ಹಾಗೆ ನಿಂತಿದ್ದವು. ಅಲ್ಲಿಗೆ ಹುಣಸೆರಸ ಬಂದಿತ್ತು. ವಾಕ್ಯಗಳು ಚಿಕ್ಕದಾಗಿದ್ದವು, ಆದರೆ ಪೂರ್ತಿಯಾಗಿದ್ದವು. ಹುಣಸೆ ಹಳೆಯದಾಗಿರಬೇಕು. ಬೆಲ್ಲ ಕರಗಬೇಕು. ಸಾರಿನ ಪುಡಿ ಧಾರಾಳವಾಗಿರಬೇಕು. ನಡುನಡುವೆ ನಿಂತು ಬೆಟ್ಟ ನೋಡುವ ನೆಪ ಮಾಡುತ್ತಿದ್ದರು. ಮಂಜು ಮುಚ್ಚಿದ್ದುದರಿಂದ ನೋಡಲು ಬೆಟ್ಟ ಇರಲಿಲ್ಲ. ವಂಜಿರು ಹಿಂದಿರುಗಿ ನೋಡದೆಯೇ "ಪೋಲೆ ಪೋಲೆ, ಡಕ್ತಾರಿ" ಎನ್ನುತ್ತ ತನ್ನ ಹೆಜ್ಜೆಯನ್ನು ಇನ್ನೂ ನಿಧಾನ ಮಾಡಿದಳು.

ಮರಗಳೇ ಮುಗಿದವು. ನೀರು ತುಂಬಿದ ಹುಲ್ಲಿನ ಗುಪ್ಪೆಗಳು, ಕಂಬದ ಮೇಲೆ ಎಲೆಕೋಸು ಕೂರಿಸಿದಂತಹ ವಿಚಿತ್ರ ಗಿಡಗಳು. ಆಗ ಮಂಜು ಒಂದು ಬದಿಯಿಂದ ಸರಿಯಿತು. ಎದುರಿನ ಇಳಿಜಾರಿನಲ್ಲಿ ಮೊದಲು ಕೆಂಪು ಕಾಣಿಸಿತು, ಹೊಸದಾಗಿ ಒಡೆದ ಇಟ್ಟಿಗೆಯ ಕೆಂಪು. ಅದರ ಮೇಲೆ ಅರಿಶಿನದಂಥ ಒಂದು ಅಂಚು. ಅದಕ್ಕೂ ಮೇಲಿನದನ್ನು ನಾವು ನಿಂತ ಜಾಗಕ್ಕೆ ಒಂದು ದಿಬ್ಬ ಮರೆಮಾಡಿತ್ತು. ಅದನ್ನು ಬಳಸಿ ಹೋದರೆ ಪೂರ್ತಿ ಕಾಣುತ್ತದೆ ಎಂದಳು ವಂಜಿರು. ಒಂದು ತಿರುವು, ಒಂದು ಏರು.

ಡಾಕ್ಟರು ನಿಂತರು. ಕೋಲಿನ ಮೇಲೆ ಎರಡೂ ಕೈ. ಕೆಂಪನ್ನೂ ಹಳದಿಯನ್ನೂ ನೋಡುತ್ತಿದ್ದರು.

"ಆಮೇಲೆ?" ಎಂದೆ.

"ಆಮೇಲೆ," ಎಂದರು. "ಒಗ್ಗರಣೆಗೆ..." ಉಸಿರು ತೆಗೆದುಕೊಂಡರು. "ಒಗ್ಗರಣೆಗೆ ಕಡಲೆಬೀಜ..."

ನಾನು ಕಾದೆ. ಕಡಲೆಬೀಜಕ್ಕೆ ಕ್ರಿಯಾಪದ ಬರಲಿಲ್ಲ.

ಕೋಲು ಹಿಡಿದ ಅವರ ಕೈಯನ್ನು ನೋಡಿದೆ. ಇಷ್ಟು ವರ್ಷ ಅವರು ಕಳ್ಳನೋಟದಲ್ಲಿ ಎಲ್ಲರ ಉಗುರು ನೋಡುವುದನ್ನು ನೋಡಿದವನಿಗೆ ಎಲ್ಲಿ ನೋಡಬೇಕೆಂದು ಯಾರೂ ಕಲಿಸಬೇಕಿರಲಿಲ್ಲ.

"ಇನ್ನೊಂದು ತಿರುವು," ಎಂದರು. ಅದೊಂದು ಪೂರ್ಣ ವಾಕ್ಯವೆಂದು ಸಾಧಿಸುವವರ ಹಾಗೆ. ದನಿಯಲ್ಲಿ ಬೇಡಿಕೆ ಇತ್ತು. ಆ ದನಿಯನ್ನು ನಾನು ಅವರಲ್ಲಿ ಅದುವರೆಗೆ ಕೇಳಿರಲಿಲ್ಲ, ಕೇಳಬೇಕಾಗಿ ಬಂದದ್ದಕ್ಕೆ ಇಂದಿಗೂ ಬೇಸರವಿದೆ.

ತಿರುವು ಎದುರಿಗೇ ಇತ್ತು. ಮನೆಯ ಗೇಟಿನಿಂದ ರಸ್ತೆಯ ಮಟಾಟು ವ್ಯಾನಿನ ನಿಲ್ದಾಣದಷ್ಟು ದೂರ. ಗೇಟಿನಲ್ಲಿ ಶಾಲು ಹೊದ್ದವಳೂ ಎದುರಿಗೇ ಇದ್ದಳು.

"ವಾಕ್ಯ ಅಪೂರ್ಣ, ಡಾಕ್ಟ್ರೇ," ಎಂದೆ.

ಅವರು ಕೈಯನ್ನು ಎತ್ತಿ, ಬೆಳಕಿಗೆ ಹಿಡಿದು, ತಮ್ಮ ಉಗುರುಗಳನ್ನು ತಾವೇ ಪರೀಕ್ಷೆ ಮಾಡಿದರು. ಬೇರೆ ಯಾರದೋ ಕೈ ಎಂಬ ಹಾಗೆ, ನಿಧಾನವಾಗಿ, ಒಂದೊಂದೇ ಬೆರಳು.

"ನೀಲಿ ನೋಡ್ಬೇಕು ಅಂತ ಬಂದೆ," ಎಂದರು. ಉಸಿರು. "ನೋಡಾಯ್ತು."

ತಮ್ಮ ಮಾತಿಗೆ ತಾವೇ ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವರು ಬೆಟ್ಟದ ಕಡೆ ತಿರುಗಲಿಲ್ಲ. ಕೋಲನ್ನು ಕೆಳಮುಖವಾಗಿ ಊರಿ, ನೀವು ಹೋಗಿ ನೋಡಿಬನ್ನಿ, ತೀರ್ಪು ತನ್ನಿ, ಫೋಟೋ ಬೇಡ ಎಂದು ಒಂದೊಂದೇ ಪದವಾಗಿ ಅಪ್ಪಣೆ ಮಾಡಿದರು. ಕಾವಲುಗಾರ ಒಂದು ಹೆಗಲಿಗೆ ಬಂದೂಕು, ಇನ್ನೊಂದು ಹೆಗಲಿಗೆ ಅವರ ಕೈ ಹಾಕಿಕೊಂಡ. ರಾಜ್ಯಪಾಲರ ಸವಾರಿಯ ಠೀವಿಯಲ್ಲಿ ಇಬ್ಬರೂ ಮಂಜಿನೊಳಕ್ಕೆ ಇಳಿದುಹೋದರು.

ನಾನು ವಂಜಿರುವಿನ ಹಿಂದೆ ದಿಬ್ಬ ಬಳಸಿ ಹತ್ತಿದೆ. ನನಗೂ ಅಷ್ಟೇನೂ ಉಸಿರಿರಲಿಲ್ಲ. ಮೇಲೆ ತಲುಪಿದಾಗ ಬಿಸಿಲು ಬಿದ್ದಿತ್ತು, ಏಣು ಪೂರ್ತಿಯಾಗಿ ತೆರೆದಿತ್ತು. ಕೆಂಪು, ಹಳದಿ, ಬಿಳಿ. ಅದರ ಮೇಲೆ ಕೊನೆಯ ಪಟ್ಟೆ. ಅದನ್ನು ಬಹಳ ಹೊತ್ತು ನೋಡಿದೆ. ಮೋಡ ಬಂದಾಗ ಒಂದು ಸಲ, ಹೋದ ಮೇಲೆ ಒಂದು ಸಲ, ಕನ್ನಡಕ ತೆಗೆದು ಒಂದು ಸಲ, ಒರೆಸಿ ಹಾಕಿಕೊಂಡು ಒಂದು ಸಲ. ಸಾಕ್ಷಿ ಹೇಳಬೇಕಾದವನ ಜವಾಬ್ದಾರಿ. ವಂಜಿರು ಬಂಡೆಯ ಮೇಲೆ ಕುಳಿತು ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದಳು. ಆ ಪಟ್ಟೆಯ ಬಣ್ಣ ಯಾವುದೆಂದು ಈ ಪ್ಯಾರಾದಲ್ಲಿ ಬರೆಯುವುದು ಕ್ರಮವಲ್ಲ. ಮೊದಲು ಕೇಳಬೇಕಾಗಿದ್ದವರು ಇನ್ನೂ ಕೇಳಿಲ್ಲ.

ಕೆಳಗೆ ಬಂದಾಗ ಅವರು ಕಾರಿನ ಬಾಗಿಲು ತೆರೆದು ಕುಳಿತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಉಗುರಿಗೆ ಗುಲಾಬಿ ಮರಳಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಅಂಗೈ ಎತ್ತಿದರು.

"ಈಗ ಹೇಳ್ಬೇಡಿ."

ಏಕೆ ಎಂದೆ. ಅದಕ್ಕೇ ತಾನೇ ನನ್ನನ್ನು ಹತ್ತಿಸಿದ್ದು.

"ಅವಳು ಗೆದ್ರೂ ಕೇಸು ಮುಗೀತು, ನಾನು ಗೆದ್ರೂ ಮುಗೀತು," ಎಂದರು. ಲೋಟದೊಳಗೆ ನೋಡುತ್ತಿದ್ದರು. "ನಾಳೆ ರಾತ್ರಿ ಊಟಕ್ಕೆ ಕೂತಾಗ ಅವಳ ಹತ್ರ ಏನ್ ಮಾತಾಡ್ಲಿ ಸ್ವಾಮಿ?"

ಮತ್ತೆ ಯಾವಾಗ ಹೇಳಲಿ ಎಂದೆ. ಮಲಗುವ ಹೊತ್ತಿಗೆ ಕೇಳುತ್ತೇನೆ ಎಂದರು. ಯಾವ ಮಲಗುವಿಕೆ ಎಂದು ನಾನು ಕೇಳಲಿಲ್ಲ. ವಂಜಿರು ಇಬ್ಬರ ಕೈಯನ್ನೂ ಕುಲುಕಿ, ಪ್ರಾರ್ಥನೆ ಅರ್ಧಕ್ಕೆ ನಿಂತದ್ದಕ್ಕೆ ಚಿಂತೆ ಬೇಡ, ದೇವರು ಉಳಿದದ್ದನ್ನು ಊಹಿಸಿಕೊಳ್ಳುತ್ತಾನೆ ಎಂದು ಸಮಾಧಾನ ಹೇಳಿ ಬೀಳ್ಕೊಟ್ಟಳು.

ಆ ಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲಾರೆ. ಲಂಗಾಟಾದ ಮನೆಗೆ ಆಮ್ಲಜನಕದ ಯಂತ್ರ ಬಂತು. ಹಿಟ್ಟಿನ ಗಿರಣಿಯ ಮರಿಯ ಹಾಗೆ ಹಗಲೂ ರಾತ್ರಿ ಗೊರಗುಟ್ಟುತ್ತಿತ್ತು. ಡಾಕ್ಟರು ಅದಕ್ಕೆ ನಮ್ಮ ಬಳಗದ ಅಧ್ಯಕ್ಷರ ಹೆಸರಿಟ್ಟರು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಊಟದ ಮೇಜಿಗೇ ಬರುತ್ತಿದ್ದರು. ಮಂಚದ ಹತ್ತಿರ ತಟ್ಟೆ ತಂದುಕೊಡುತ್ತೇನೆಂದರೆ ಒಪ್ಪರು, ಮೇಜಿಗೇ ಬರಬೇಕು, ಗೋಡೆಗೆ ಎದುರಾಗಿ ಕೂರಬೇಕು. ನೋಡಲು ಬಂದವರು ಬೆಟ್ಟದ ವಿಷಯ ಎತ್ತಿದರೆ, ವಿಚಾರಣೆ ನಡೆಯುತ್ತಿರುವ ಪ್ರಕರಣದ ಬಗ್ಗೆ ಮಾತಾಡುವಂತಿಲ್ಲ ಎನ್ನುವರು. ನನ್ನನ್ನು ಮಾತ್ರ ಒಂದು ಬಗೆಯ ಕುಚೋದ್ಯದಿಂದ ನೋಡುವರು. ತೀರ್ಪು ಜೇಬಿನಲ್ಲಿದ್ದೂ ತೆಗೆಯಲಾರದ ನ್ಯಾಯಾಧೀಶನ ಪಾಡು ನನ್ನದು. ಒಂದೆರಡು ಸಲ ನನ್ನ ಮುಖದಲ್ಲೇ ಅದನ್ನು ಓದಲು ಯತ್ನಿಸಿ, ಛೆ ಎಂದು ತಾವೇ ಕಣ್ಣು ತಪ್ಪಿಸಿದರು.

ಕೊನೆಗೆ ಅಪ್ಪರ್ ಹಿಲ್‌ನ ಅದೇ ಆಸ್ಪತ್ರೆ. ನರ್ಸುಗಳೆಲ್ಲ ಅವರ ಕೈಕೆಳಗೆ ಪಳಗಿದವರು. ಅವರ ಕೋಣೆಯಿಂದ ಹೊರಬಂದು ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡು ಮತ್ತೆ ಒಳಗೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ನಾನು ಕುಳಿತಿದ್ದೆ. ಮಗಳು ಯಾರೊಂದಿಗೋ ಫೋನಿನಲ್ಲಿ ಮಾತಾಡಲು ಹೊರಗೆ ಹೋಗಿದ್ದಳು. ಡಾಕ್ಟರು ಮುಖವಾಡವನ್ನು ಬೆರಳಿನಿಂದ ಸ್ವಲ್ಪ ಸರಿಸಿದರು.

"ಈಗ ಹೇಳಿ. ಕೆಳಗಿಂದ."

ನಾನು ಕೆಳಗಿನಿಂದಲೇ ಶುರು ಮಾಡಿದೆ. ಅವಸರ ಮಾಡಲಿಲ್ಲ; ಅವರು ಯಾರಿಗೂ ಅವಸರ ಮಾಡಿದವರಲ್ಲ. ತಳದಲ್ಲಿ ಕೆಂಪು ಎಂದೆ. ಹೊಸ ಇಟ್ಟಿಗೆಯದು, ಒದ್ದೆಯಾದ ಕಡೆ ಗಾಢ, ಒಣಗಿದ ಕಡೆ ಪೇಲವ. ಹಾಸಿಗೆಯ ಮೇಲಿದ್ದ ಬೆರಳು ಒಂದು ಸಲ ಎದ್ದು ಬಿತ್ತು. ಆ ಬೆರಳು ಏನು ಕೇಳುತ್ತಿದೆಯೆಂದು ನನಗೆ ಗೊತ್ತಿತ್ತು. ಅದರ ಮೇಲೆ ಹಳದಿ ಎಂದೆ. ಪೂರ್ತಿ ಅರಿಶಿನವಲ್ಲ, ಅರಿಶಿನಕ್ಕೆ ಸ್ವಲ್ಪ ಸುಣ್ಣ ತಾಗಿ ಇನ್ನೇನು ಕೆಂಪಾಗುವ ಮುಂಚಿನದು. ಬೆರಳು ಎದ್ದಿತು. ಅದರ ಮೇಲೆ ಬಿಳಿ ಎಂದೆ. ಬಿಳಿಯೆಂದರೆ ಅವಲಕ್ಕಿಯ ಬಿಳಿ, ಅಲ್ಲಲ್ಲಿ ಹೊಟ್ಟಿನ ಬಣ್ಣದ ಎಳೆ.

ಬೆರಳು ಏಳಲಿಲ್ಲ. ಉಸಿರಾಟ ನಿಧಾನವಾಗಿ, ಸಮವಾಗಿ ನಡೆಯುತ್ತಿತ್ತು. ಮಲಗಿದ್ದರು.

ಎಬ್ಬಿಸಲಿಲ್ಲ. ಎಲ್ಲಿ ನಿಲ್ಲಿಸಿದೆ ಎಂಬುದನ್ನು ತಲೆಯಲ್ಲಿ ಇಟ್ಟುಕೊಂಡು ಎದ್ದೆ. ಬಿಳಿ ಆಯಿತು. ನಾಳೆ ಅವರು ಕಣ್ಣು ಬಿಟ್ಟಾಗ ಅಲ್ಲಿಂದ ಮುಂದುವರಿಸುವುದು. ಅವರ ಪದ್ಧತಿಯೇ ಅದಲ್ಲವೇ. ಅವರು ಮಲಗಿಸಿದ ಯಾರೂ ಉಳಿದರ್ಧವನ್ನು ಹೇಳದೆ ಹೋದದ್ದಿಲ್ಲ.

ಬೆಳಗ್ಗೆ ಮಗಳ ಫೋನು ಬಂತು.

ಮೇಲಿನಿಂದ ಶುರು ಮಾಡಬಹುದಿತ್ತು ಎಂದು ನನ್ನ ಹೆಂಡತಿ ಅಂದಳು. ಅವರು ಕೆಳಗಿಂದ ಎಂದಿದ್ದರು. ತಾವು ಎಲ್ಲಿಯವರೆಗೆ ಎಚ್ಚರವಿರುತ್ತೇವೆಂಬುದು ಆ ವೃತ್ತಿಯವರಿಗೆ ಗೊತ್ತಿರುವುದಿಲ್ಲವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕೇಸು ಮುಗಿಯದೆ ಉಳಿಯಲೆಂದೇ ಹಾಗೆ ಹೇಳಿದರೋ ಏನೋ. ಕೇಳೋಣವೆಂದರೆ ಅವರಿಲ್ಲ.

ಚಿತಾಗಾರದ ಕೆಲಸ ಮುಗಿದು, ಬಳಗದವರೆಲ್ಲ ತಂದ ಡಬ್ಬಿಗಳನ್ನು ಅಡುಗೆಮನೆಯಲ್ಲಿ ಇಟ್ಟು ಹೋದ ಮೇಲೆ, ಲಂಗಾಟಾದ ಮನೆಯಲ್ಲಿ ಮಗಳೂ ನಾನೂ ಉಳಿದೆವು. ಯಂತ್ರವನ್ನು ಆರಿಸಿದ್ದರು. ಅದರ ಗೊರಗು ಇಲ್ಲದ ಮನೆ ದೊಡ್ಡದಾಗಿ ಕಾಣುತ್ತಿತ್ತು. ಅವಳು ಅಪ್ಪನ ಕುರ್ಚಿಯಲ್ಲಿ, ಗೋಡೆಗೆ ಎದುರಾಗಿ ಕುಳಿತಿದ್ದಳು. ಆ ಮಧ್ಯಾಹ್ನ ನಾನು ಅಪ್ಪನಿಗೆ ಏನು ಹೇಳುತ್ತಿದ್ದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬಾಗಿಲಲ್ಲಿ ಬಂದು ನಿಂತಾಗ ಏನೋ ಬಣ್ಣದ ಮಾತು ಕೇಳಿಸಿತಂತೆ.

ನಾನು ಹೇಳಿದೆ. ತಳದಲ್ಲಿ ಕೆಂಪು, ಇಟ್ಟಿಗೆಯದು. ಅದರ ಮೇಲೆ ಹಳದಿ. ಅದರ ಮೇಲೆ ಬಿಳಿ, ಅವಲಕ್ಕಿಯ ಬಿಳಿ. ಅಷ್ಟು ಹೇಳಿ ನಿಲ್ಲಿಸಿದೆ. ಅಲ್ಲಿಗೇ ಅವರು ಮಲಗಿದ್ದು, ಆದ್ದರಿಂದ ನನ್ನ ಸಾಕ್ಷ್ಯವೂ ಅಲ್ಲಿಗೇ ನಿಲ್ಲಬೇಕೆಂದು ನನ್ನ ಮನಸ್ಸಿನಲ್ಲಿತ್ತು.

ಅವಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಹೊಸ ಚಪ್ಪಲಿಯಲ್ಲಿ ಮೊದಲ ಹೆಜ್ಜೆ ಇಡುವವರ ಹಾಗೆ, ಕೇಳಿದಳು.

"ಆಮೇಲೆ?"

"ಆಮೇಲೆ ನೀಲಿ, ಪುಟ್ಟಿ," ಎಂದೆ. "ನಿಮ್ಮಮ್ಮ ಬರೆದಿರೋದಕ್ಕಿಂತ ಸ್ವಲ್ಪ ತೆಳು."